ಒಂದು ಬಕೆಟ್ ಬಿಸಿನೀರಿನ ಲೆಕ್ಕ

20 ಲೀಟರ್ ನೀರು ಹಿಡಿಯುವ ಒಂದು ಬಕೆಟ್. ಚಳಿಗಾಲದ ಬೆಳಗ್ಗೆ ನಲ್ಲಿಯಲ್ಲಿ ಬರುವ ನೀರು 20 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳೋಣ. ಬಿಸಿಬಿಸಿ ಸ್ನಾನಕ್ಕೆ ಅದು 45ರ ಹತ್ತಿರ ಹೋಗಬೇಕು. ಅಂದರೆ 25 ಡಿಗ್ರಿ ಏರಬೇಕು. ಈಗೊಂದು ಪ್ರಶ್ನೆ: ಇದಕ್ಕೆ ತಗಲುವ ಶಕ್ತಿಯಲ್ಲಿ ನೀರನ್ನು ಕಾಯಿಸುವ ಬದಲು ಅದೇ ನೀರನ್ನು ಮೇಲಕ್ಕೆ ಎತ್ತುತ್ತಾ ಹೋದರೆ ಎಷ್ಟು ಎತ್ತರ ಮುಟ್ಟಬಹುದು? ಮೂರನೇ ಮಹಡಿಯ ಟ್ಯಾಂಕ್? ನಂದಿಬೆಟ್ಟ? ಮುಳ್ಳಯ್ಯನಗಿರಿ?

ಉತ್ತರ, 10 ಕಿಲೋಮೀಟರಿಗೂ ಹೆಚ್ಚು. 8,849 ಮೀಟರಿನ ಎವರೆಸ್ಟನ್ನು ದಾಟಿ ಇನ್ನೂ ಸುಮಾರು ಎರಡು ಕಿಲೋಮೀಟರ್ ಮೇಲೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಶಕ್ತಿ ಬೇಕು. ಅದೇ ಒಂದು ಲೀಟರನ್ನು ಒಂದು ಮೀಟರ್ ಎತ್ತಲು 9.8 ಜೂಲ್ ಸಾಕು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 427. ನೀರನ್ನು ಒಂದೇ ಒಂದು ಡಿಗ್ರಿ ಕಾಯಿಸುವುದೂ ಒಂದೇ, 427 ಮೀಟರ್ ಎತ್ತುವುದೂ ಒಂದೇ. ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದ. ತೂಕದ ಗುಂಡುಗಳನ್ನು ಕೆಳಕ್ಕೆ ಇಳಿಬಿಟ್ಟು, ಆ ಎಳೆತದಿಂದ ನೀರಿನ ಪಾತ್ರೆಯೊಳಗೆ ರೆಕ್ಕೆಗಳು ತಿರುಗುವಂತೆ ಮಾಡಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದ. ಶಕ್ತಿಯ ಅಳತೆಗೆ ಇವತ್ತಿಗೂ ಅವನದೇ ಹೆಸರು. ಜೋಗದಲ್ಲಿ ಶರಾವತಿ ಬೀಳುವುದು 253 ಮೀಟರ್. ಜೂಲನ ಲೆಕ್ಕದಂತೆ, ಅಷ್ಟು ಎತ್ತರದಿಂದ ಧುಮುಕಿದ ನೀರಿನ ರಭಸವೆಲ್ಲ ಶಾಖವಾದರೂ ನೀರು ಬಿಸಿಯಾಗುವುದು ಕೇವಲ 0.6 ಡಿಗ್ರಿ. ಅಲ್ಲಿನ ಮಹಾತ್ಮ ಗಾಂಧಿ ಜಲವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುವಷ್ಟು ಬಲ, ಸ್ನಾನದ ನೀರಿಗೆ ಬಂದಾಗ ಬೆಚ್ಚಗೆ ಮಾಡಲಿಕ್ಕೂ ಸಾಲದು.

ಮನೆಯ ಶಕ್ತಿಯ ಜಮಾಖರ್ಚಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದೇ. ಬೆಳಕು ಅಗ್ಗ, ಚಲನೆಯೂ ಅಗ್ಗ, ಶಾಖ ಮಾತ್ರ ಭಾರೀ ದುಬಾರಿ. ನಮ್ಮ ಕಾಳಜಿ ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಮಕ್ಕಳು ಲೈಟ್ ಆರಿಸದೆ ಹೋದರೆ ಗದರುತ್ತೇವೆ, ಗೀಸರ್ ಮುಕ್ಕಾಲು ಗಂಟೆ ಉರಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೀಟರ್ ಏನು ಹೇಳುತ್ತದೆ?

ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಅವರ್, ಅಂದರೆ 36 ಲಕ್ಷ ಜೂಲ್. ನಮ್ಮ ಬಕೆಟ್ಟಿಗೆ ತಗಲುವುದು ಸುಮಾರು 0.58 ಯೂನಿಟ್. ಸಂಖ್ಯೆ ಸಣ್ಣದಾಗಿ ಕಾಣುತ್ತದೆ. ಗಟ್ಟಿಮುಟ್ಟಾದ ಆಳೊಬ್ಬ ಎಂಟು ಗಂಟೆ ಗುದ್ದಲಿ ಹಿಡಿದು ದುಡಿದರೆ ಅವನ ರಟ್ಟೆಯಿಂದ ಹೊರಬೀಳುವ ಕೆಲಸ, ಗಂಟೆಗೆ 75 ವ್ಯಾಟ್‌-ಅವರ್ ಎಂದು ಹಿಡಿದರೆ, ದಿನಕ್ಕೆ 0.6 ಯೂನಿಟ್. ಒಬ್ಬರ ಒಂದು ಸ್ನಾನಕ್ಕೆ ಒಬ್ಬ ಆಳಿನ ಒಂದು ದಿನದ ದುಡಿಮೆ. ಇಷ್ಟನ್ನು ಕೆಲವೇ ರೂಪಾಯಿಗೆ ಗೋಡೆಯ ಸ್ವಿಚ್ಚಿನಿಂದ ಪಡೆಯುತ್ತೇವೆ. ಹೀಗಾಗಿಯೇ ಅದರ ತೂಕ ನಮಗೆ ಗೊತ್ತಾಗುವುದಿಲ್ಲ.

ಅದೇ 0.58 ಯೂನಿಟ್ಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಹಗಲೂ ರಾತ್ರಿ ಎರಡೂವರೆ ದಿನಕ್ಕಿಂತ ಹೆಚ್ಚು ಉರಿಯುತ್ತದೆ. ಕಡಿಮೆ ಕರೆಂಟ್ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು 19 ಗಂಟೆ ತಿರುಗುತ್ತದೆ. ಮೊಬೈಲ್ ಫೋನಿನ ಬ್ಯಾಟರಿಯನ್ನು ಪೂರ್ತಿ ತುಂಬಿಸಲು ನಷ್ಟವೂ ಸೇರಿ 25 ವ್ಯಾಟ್‌-ಅವರ್ ಎಂದುಕೊಂಡರೆ, ಸುಮಾರು 23 ಸಲ ಚಾರ್ಜ್ ಮಾಡಬಹುದು. ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತಿಡಿ ಎಂಬ ಉಪದೇಶ ತಪ್ಪೇನಲ್ಲ. ಅದರಿಂದ ಉಳಿಯುವುದು ಮಾತ್ರ ಒಂದು ಚೊಂಬು ಬಿಸಿನೀರಿನಷ್ಟೂ ಇಲ್ಲ. ಟಿ.ವಿ. ಆರಿಸಿದ ಮೇಲೂ ದೀಪ ಮಿನುಗಿಸುತ್ತ ಕೂತಿರುವ ಸೆಟ್ ಟಾಪ್ ಬಾಕ್ಸ್ 10 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 7 ಯೂನಿಟ್. ಮನೆಮಂದಿಯ ಮೊಬೈಲುಗಳೆಲ್ಲ ಸೇರಿ ಕುಡಿಯುವುದಕ್ಕಿಂತ ಅದೇ ಹೆಚ್ಚು.

ನಾಲ್ವರ ಮನೆಯಲ್ಲಿ ದಿನಕ್ಕೆ ತಲಾ ಒಂದು ಬಕೆಟ್ ಎಂದರೆ ತಿಂಗಳಿಗೆ 70 ಯೂನಿಟ್. ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿಯಾದ 200 ಯೂನಿಟ್ಟಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಚ್ಚಲಿನ ಮೋರಿಯಲ್ಲಿ ಹರಿದುಹೋಗುತ್ತದೆ.

ಏರುವ ಕಾವೇರಿ, ಇಳಿಯುವ ಬೋರ್‌ವೆಲ್

ನೀರು ಎತ್ತುವುದು ಅಗ್ಗ ಎಂದೆನಲ್ಲ, ಅದಕ್ಕೂ ಒಂದು ಮಿತಿ ಇದೆ.

ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಜಾಗದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಮೊದಲ ಕರೆಂಟು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಆಗ ನದಿ ಊರಿಗೆ ಶಕ್ತಿ ಕೊಡುತ್ತಿತ್ತು. ಈಗ ಊರೇ ಶಕ್ತಿ ಸುರಿದು ನದಿಯನ್ನು ಹತ್ತಿಸಿಕೊಳ್ಳುತ್ತಿದೆ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪುಗಳ ಒತ್ತಡಕ್ಕೆ ಸಿಕ್ಕಿ, ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡಿ, ಸುಮಾರು 500 ಮೀಟರ್ ಮೇಲೇರಿ ಬೆಂಗಳೂರಿಗೆ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತಲು ಭೌತಶಾಸ್ತ್ರದ ಪ್ರಕಾರ 1.36 ಯೂನಿಟ್ ಬೇಕು. ಪಂಪು, ಕೊಳವೆಗಳ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ ಹೋಗುತ್ತದೆ. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಅಷ್ಟಕ್ಕೂ ತಗಲುವುದು 0.27 ಯೂನಿಟ್. ಇಡೀ ದಿನದ ನೀರನ್ನು ಕಣಿವೆಯಿಂದ ಹೊತ್ತು ತರಲು ಆಗುವ ಖರ್ಚು ಅರ್ಧ ಬಕೆಟ್ ಬಿಸಿನೀರಿನಷ್ಟು. ಆದರೂ ಕೋಟಿಗೂ ಮೀರಿದ ಜನರ ಊರಿಗೆ ಇದನ್ನು ಗುಣಿಸಿ ನೋಡಿದರೆ ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನ ಪಾಲು ಏಕೆ ಅಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಸೋರುವ ನಲ್ಲಿಯಿಂದ ನೀರಿನ ಜೊತೆಗೆ ಕರೆಂಟೂ ಸೋರುತ್ತಿರುತ್ತದೆ.

ಹಳ್ಳಿಯ ಕಡೆ ತಿರುಗಿದರೆ ಲೆಕ್ಕ ಇನ್ನೂ ಗಂಭೀರ. ಕರ್ನಾಟಕದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ನೀರಾವರಿ ಪಂಪ್‌ಸೆಟ್ಟುಗಳದು. ತೆರೆದ ಬಾವಿಯಲ್ಲಿ 10 ಮೀಟರ್ ಆಳಕ್ಕೆ ನೀರು ಸಿಗುತ್ತಿದ್ದ ಕಾಲದಲ್ಲಿ ಸಾವಿರ ಲೀಟರ್ ಎತ್ತಲು, ನಷ್ಟ ಬಿಟ್ಟು, 0.03 ಯೂನಿಟ್ ಸಾಕಿತ್ತು. ಕೋಲಾರ, ಚಿಕ್ಕಬಳ್ಳಾಪುರದ ಸಾವಿರ ಅಡಿಯ ಬೋರ್‌ವೆಲ್ಲಿಗೆ ಅದೇ ಸಾವಿರ ಲೀಟರಿಗೆ 0.8 ಯೂನಿಟ್ ಬೇಕು. ಮೋಟರಿನ ನಷ್ಟ ಸೇರಿದರೆ ಒಂದೂವರೆ ಯೂನಿಟ್ ದಾಟಬಹುದು. ಒಂದೇ ಟೊಮೆಟೊ ಬೆಳೆಗೆ ಮೊದಲಿನ ಸುಮಾರು 30 ಪಟ್ಟು ಶಕ್ತಿ. ಆ ಶಕ್ತಿಯಲ್ಲಿ ಒಂದಷ್ಟು ಕಲ್ಲಿದ್ದಲಿನದು, ಆ ಕಲ್ಲಿದ್ದಲಿನ ಹೊಗೆ ಮುಂದಿನ ಮಳೆಯನ್ನು ಏರುಪೇರು ಮಾಡುತ್ತದೆ, ಮಳೆ ಕೈಕೊಟ್ಟರೆ ಬೋರ್‌ವೆಲ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಕೆರೆಯ ಹೂಳೆತ್ತುವುದು, ಹೊಲದಲ್ಲಿ ಬದು ಹಾಕಿ ನೀರಿಂಗಿಸುವುದು ಜಲಸಂರಕ್ಷಣೆ ಎಂದಷ್ಟೇ ನಮಗೆ ಗೊತ್ತು. ನೀರಿನ ಮಟ್ಟ ಒಂದು ಮೀಟರ್ ಮೇಲೆ ಬಂದರೂ ಪಂಪಿನ ಕೆಲಸ ಅಷ್ಟು ಹಗುರಾಗುತ್ತದೆ. ಹಾಗಾಗಿ ಅದು ವಿದ್ಯುತ್ ಉಳಿತಾಯದ ಯೋಜನೆಯೂ ಹೌದು.

ಬಾಯ್ಲರಿನಿಂದ ಬಚ್ಚಲಿಗೆ

ರಾಯಚೂರಿನ ಬಳಿಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಕಲ್ಲಿದ್ದಲು ಉರಿದು ನೀರು ಉಗಿಯಾಗುತ್ತದೆ, ಉಗಿ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು. ಇಂಥ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಭಾಗದಷ್ಟು ಮಾತ್ರ ವಿದ್ಯುತ್ತಾಗುತ್ತದೆ. ಉಳಿದ ಎರಡು ಭಾಗ ಚಿಮಣಿಯಲ್ಲೂ ತಂಪುಗೋಪುರದಲ್ಲೂ ಹೋಗುತ್ತದೆ. ಇದು ಇಂಜಿನಿಯರುಗಳ ಅಸಡ್ಡೆಯಲ್ಲ. ಶಾಖವನ್ನು ಪೂರ್ತಿಯಾಗಿ ಕೆಲಸವನ್ನಾಗಿ ಮಾರ್ಪಡಿಸಲು ನಿಸರ್ಗದ ನಿಯಮವೇ ಬಿಡುವುದಿಲ್ಲ. ಹೀಗೆ ಮೂರು ಪಾಲು ಶಾಖ ಸುಟ್ಟು ಗಳಿಸಿದ ಒಂದು ಪಾಲು ವಿದ್ಯುತ್ತು ತಂತಿಯಲ್ಲಿ ನೂರಾರು ಕಿಲೋಮೀಟರ್ ಬಂದು, ದಾರಿಯಲ್ಲಿ ಒಂದಷ್ಟು ಸೋರಿ, ನಮ್ಮ ಗೀಸರಿನ ಸುರುಳಿಯಲ್ಲಿ ಏನಾಗುತ್ತದೆ? ಮತ್ತೆ ಶಾಖವೇ ಆಗುತ್ತದೆ. ಚಿನ್ನದ ಒಡವೆ ಮಾಡಿಸಿ, ಮಜೂರಿ ಕೊಟ್ಟು, ಮನೆಗೆ ತಂದು ಕರಗಿಸಿದ ಹಾಗೆ.

ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ ನಮ್ಮ ಬಕೆಟ್ಟಿಗೆ 400 ಗ್ರಾಂ. ಭಾರತದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೂದಿ ಇರುವುದು ಸಾಮಾನ್ಯ. ಆದ್ದರಿಂದ ಪ್ರತಿ ಸ್ನಾನಕ್ಕೆ ಹಿಡಿ ತುಂಬ ಬೂದಿ ರಾಯಚೂರಿನ ಹೊಂಡ ಸೇರುತ್ತದೆ. ಅರ್ಧ ಕಿಲೋಗ್ರಾಮಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ.

ನಮ್ಮ ರಾಜ್ಯದ ಕರೆಂಟೆಲ್ಲ ಕಲ್ಲಿದ್ದಲಿನದ್ದಲ್ಲ, ನಿಜ. ಶರಾವತಿ, ವಾರಾಹಿ, ಕಾಳಿಯ ಜಲವಿದ್ಯುತ್ತಿದೆ. ಕೈಗಾದಲ್ಲಿ 880 ಮೆಗಾವ್ಯಾಟಿನ ಅಣುಸ್ಥಾವರವಿದೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಇದೆ. ದೇಶದ ಎಲ್ಲ ಮೂಲಗಳ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ 0.7 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಸಮಯ ಮಾತ್ರ ಇಲ್ಲಿ ನಮಗೆ ಎದುರಾಗಿ ನಿಂತಿದೆ. ಬೆಳಗ್ಗೆ ಆರರಿಂದ ಎಂಟರೊಳಗೆ ಲಕ್ಷಾಂತರ ಗೀಸರುಗಳು ಒಟ್ಟಿಗೇ ಹೊತ್ತಿಕೊಳ್ಳುವಾಗ ಪಾವಗಡದ ಫಲಕಗಳು ಇನ್ನೂ ಕಣ್ಣು ಬಿಡುತ್ತಿರುತ್ತವೆ. ಮಟಮಟ ಮಧ್ಯಾಹ್ನ ಸೌರವಿದ್ಯುತ್ತು ಧಾರಾಳವಾಗಿದ್ದಾಗ ನಾವು ಆಫೀಸಿನಲ್ಲಿರುತ್ತೇವೆ.

ಇದಕ್ಕೆ ಪರಿಹಾರ ಮಾಳಿಗೆಯ ಮೇಲೇ ಇದೆ. ಎರಡು ಚದರ ಮೀಟರಿನ ಸೋಲಾರ್ ವಾಟರ್ ಹೀಟರ್ ಬಿಸಿಲಿನ ದಿನ 100 ಲೀಟರ್ ನೀರನ್ನು 30 ಡಿಗ್ರಿ ಏರಿಸಿದರೆ ಮೂರೂವರೆ ಯೂನಿಟ್ ಉಳಿತಾಯ. ವಿದ್ಯುತ್ತನ್ನು ಕೂಡಿಡಲು ದುಬಾರಿ ಬ್ಯಾಟರಿ ಬೇಕು, ಶಾಖವನ್ನು ಕೂಡಿಡಲು ದಪ್ಪ ಹೊದಿಕೆಯ ಟ್ಯಾಂಕ್ ಸಾಕು. ನಿನ್ನೆಯ ಬಿಸಿಲಿನಲ್ಲಿ ಇವತ್ತು ಸ್ನಾನ. ಬಾಡಿಗೆ ಮನೆಯವರಿಗೆ, ಅಪಾರ್ಟ್‌ಮೆಂಟಿನ ಕೆಳಮಹಡಿಯವರಿಗೆ ಇದು ಕೈಗೆಟುಕದಿದ್ದರೆ ಹೀಟ್ ಪಂಪ್ ಇದೆ. ಅದು ಫ್ರಿಜ್ಜಿನ ತತ್ವದಲ್ಲೇ ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ತುಂಬುತ್ತದೆ, ಒಂದು ಯೂನಿಟ್ ತಿಂದು ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ಅಡುಗೆ ಅನಿಲದಿಂದ ನೀರು ಕಾಯಿಸಿದರೆ ಬಕೆಟ್ಟಿಗೆ 60 ಗ್ರಾಂ ಅನಿಲ, 180 ಗ್ರಾಂ ಇಂಗಾಲದ ಡೈಆಕ್ಸೈಡ್. ಕರೆಂಟಿನ ಗೀಸರಿಗಿಂತ ಅರ್ಧಕ್ಕೂ ಕಡಿಮೆ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟರೆ ಮಾತ್ರ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಅದನ್ನು ಹೊರಗೋಡೆಗೇ ಹಾಕಿಸಬೇಕು.

ಹಂಡೆ ಒಲೆಯ ಕಾಲವೇ ಚೆನ್ನಾಗಿತ್ತು ಎನ್ನುವವರಿಗೂ ಒಂದು ಮಾತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಯಲ್ಲೂ ಅಳೆಯಿತು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಕಟ್ಟಿಗೆಯದೇ ಎಂದು ಅಲ್ಲಿ ಕಂಡುಬಂತು. ಆ ಕಟ್ಟಿಗೆ ಹೋಗುತ್ತಿದ್ದದ್ದು ಅಡುಗೆಗೆ ಮತ್ತು ಸ್ನಾನದ ನೀರಿಗೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಮಿಕ್ಕಿದ್ದು ಹೊಗೆಯಾಗಿ ಹೆಂಗಸರ ಕಣ್ಣು, ಶ್ವಾಸಕೋಶ ಸೇರುತ್ತಿತ್ತು. ಅದೇ ತಂಡ ರೂಪಿಸಿದ ಅಸ್ತ್ರ ಒಲೆ ಅದೇ ಕಟ್ಟಿಗೆಯಿಂದ ಮೂರು ಪಟ್ಟು ಕೆಲಸ ತೆಗೆಯಿತು.

ಕಡಲು ಹೊತ್ತ ಶಾಖ

ನೀರು ಬಿಸಿಯಾಗಲು ಇಷ್ಟೇಕೆ ಹಟ ಮಾಡುತ್ತದೆ? ಅದರ ಅಣುಗಳು ಹೈಡ್ರೊಜನ್ ಬಂಧದಿಂದ ಒಂದಕ್ಕೊಂದು ಕೈಹಿಡಿದುಕೊಂಡಿವೆ. ಕೊಟ್ಟ ಶಾಖದ ಒಂದು ಪಾಲು ಆ ಬಂಧಗಳನ್ನು ಸಡಿಲಿಸುವುದರಲ್ಲೇ ಮುಗಿಯುತ್ತದೆ. ಗೀಸರಿನ ಬಿಲ್ ಹೆಚ್ಚಿಸುವ ಇದೇ ಗುಣ ಭೂಮಿಯನ್ನು ಇಲ್ಲಿಯವರೆಗೆ ಕಾಪಾಡಿದೆ. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದಾಗ ಅದು ಹತ್ತು ಲಕ್ಷಕ್ಕೆ 315 ಭಾಗ ಇತ್ತು. 2024ರಲ್ಲಿ 424ರ ಹತ್ತಿರ ಬಂದಿದೆ. ಅದರಿಂದ ಭೂಮಿಯಲ್ಲಿ ಉಳಿದುಕೊಂಡ ಹೆಚ್ಚುವರಿ ಶಾಖದಲ್ಲಿ ಶೇ. 90ರಷ್ಟನ್ನು ಸಾಗರಗಳು ನುಂಗಿಕೊಂಡಿವೆ. ಇಡೀ ವಾಯುಮಂಡಲ ಒಂದು ಡಿಗ್ರಿ ಬಿಸಿಯಾಗಲು ಬೇಕಾದಷ್ಟು ಶಾಖವನ್ನು ಕಡಲಿನ ಮೇಲಿನ ಮೂರೂವರೆ ಮೀಟರ್ ನೀರೇ ಹಿಡಿದುಕೊಳ್ಳಬಲ್ಲದು.

ನುಂಗಿದ್ದು ಕರಗಿ ಹೋಗುವುದಿಲ್ಲ. ಬಿಸಿಯಾದ ನೀರು ಹಿಗ್ಗುತ್ತದೆ, ಸಮುದ್ರಮಟ್ಟ ಏರುತ್ತದೆ. ಬಿಸಿ ಕಡಲಿನಿಂದ ಚಂಡಮಾರುತಗಳಿಗೆ ಹೆಚ್ಚು ಆಹಾರ ಸಿಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಉಜ್ಜಿಕೊಂಡು ಹೋದಾಗ ಅದರ ಬಲ ಬಂದದ್ದು ಕಾದ ಅರಬ್ಬೀ ಸಮುದ್ರದಿಂದ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುತ್ತದೆ.

ತಿಪ್ಪೆಗೂ ಗುಡ್ಡಕ್ಕೂ ಇರುವ ವ್ಯತ್ಯಾಸ

ಶಕ್ತಿಯ ವಿಷಯದಲ್ಲಿ ಕಣ್ಣಿಗೆ ಕಾಣುವ ಬಲ್ಬಿನ ಹಿಂದೆ ಬಿದ್ದು ಕಾಣದ ಶಾಖವನ್ನು ಮರೆಯುತ್ತೇವೆ. ಕಸದ ವಿಷಯದಲ್ಲೂ ಅದೇ ಕಥೆ. ಕಾಣುವ ಪ್ಲಾಸ್ಟಿಕ್ ಕವರು ನಮ್ಮನ್ನು ಕಾಡುತ್ತದೆ, ಅದರೊಳಗಿನ ಹಳಸಿದ ಅನ್ನ ಕಾಡುವುದಿಲ್ಲ.

ಬೆಂಗಳೂರಿನಲ್ಲಿ ದಿನಕ್ಕೆ ಸುಮಾರು 5,000 ಟನ್ ಕಸ ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ: ತರಕಾರಿ ಸಿಪ್ಪೆ, ಮಿಕ್ಕಿದ ಊಟ, ಹೂವು, ಬಾಳೆ ಎಲೆ. ಒಂದು ಬಾಳೆಹಣ್ಣಿನ ಸಿಪ್ಪೆಗೆ ಎರಡು ದಾರಿಗಳಿವೆ. ಗಾಳಿಯಾಡುವ ಕಡೆ ಬಿದ್ದರೆ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ ಅದನ್ನು ಗೊಬ್ಬರ ಮಾಡುತ್ತವೆ. ಹೊರಬರುವ ಇಂಗಾಲದ ಡೈಆಕ್ಸೈಡ್ ಆ ಬಾಳೆಗಿಡವೇ ಗಾಳಿಯಿಂದ ಹೀರಿಕೊಂಡಿದ್ದು, ಹೊಸ ಸಾಲವೇನಲ್ಲ. ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಹತ್ತಾರು ಅಡಿ ಕಸದ ಗುಡ್ಡದ ಅಡಿಗೆ ಸಿಕ್ಕಿದರೆ ಅಲ್ಲಿ ಆಮ್ಲಜನಕ ಇಲ್ಲ. ಬೇರೆ ಜಾತಿಯ ಸೂಕ್ಷ್ಮಜೀವಿಗಳು ಅದೇ ಸಿಪ್ಪೆಯಿಂದ ಮೀಥೇನ್ ತಯಾರಿಸುತ್ತವೆ. ಮೀಥೇನ್ ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖವನ್ನು ಹಿಡಿದಿಡುತ್ತದೆ. 20 ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು.

ಹೀಗೆ ನೋಡಿದರೆ ಕೆಲವೇ ಗ್ರಾಂ ತೂಗುವ ಕವರಿಗಿಂತ ಅದರೊಳಗಿನ ಒಂದು ಕಿಲೋ ಹಸಿ ಕಸ ಹವಾಮಾನಕ್ಕೆ ಹತ್ತಾರು ಪಟ್ಟು ಭಾರ. ಪ್ಲಾಸ್ಟಿಕ್ಕಿನ ಕೇಡು ಬೇರೆ ಬಗೆಯದು. ಅದು ಹಸುವಿನ ಹೊಟ್ಟೆ ಸೇರುತ್ತದೆ, ರಾಜಕಾಲುವೆ ಕಟ್ಟುತ್ತದೆ, ಸುಟ್ಟರೆ ವಿಷದ ಹೊಗೆ ಬಿಡುತ್ತದೆ. ಎರಡನ್ನೂ ಬೆರೆಸಿದಾಗ ಕೇಡು ಪೂರ್ಣವಾಗುತ್ತದೆ: ಹಸಿ ಕಸಕ್ಕೆ ಗಾಳಿ ತಪ್ಪುತ್ತದೆ, ಒಣ ಕಸ ಕೊಳೆ ಮೆತ್ತಿಕೊಂಡು ಮರುಬಳಕೆಗೆ ಬಾರದಂತಾಗುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ಉಸಿರಾಡಿದ್ದು ಈ ಬೆರಕೆಯ ಗಾಳಿಯನ್ನು, ಅವರ ಬಾವಿಗಳಿಗೆ ಇಳಿದದ್ದು ಈ ಬೆರಕೆಯ ಕೊಳೆನೀರು. ಅವರು ಪ್ರತಿಭಟಿಸಿ ಲಾರಿಗಳನ್ನು ತಡೆದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಕಸ ಹೋಗುವುದು ನಿಂತಿತು. ಕಸ ಮಾತ್ರ ನಿಲ್ಲಲಿಲ್ಲ, ಬೇರೆ ಹಳ್ಳಿಯ ದಾರಿ ಹಿಡಿಯಿತು.

ಹಳ್ಳಿಯ ತಿಪ್ಪೆಯಲ್ಲಿ ಈ ಸಮಸ್ಯೆ ಇಷ್ಟಿರಲಿಲ್ಲ. ಅದು ಸಣ್ಣದು, ಅದರಲ್ಲಿ ಸೆಗಣಿ, ಸೊಪ್ಪು, ಬೂದಿ ಬಿಟ್ಟರೆ ಬೇರೆ ಇರಲಿಲ್ಲ, ವರ್ಷಕ್ಕೊಮ್ಮೆ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಮೀಥೇನನ್ನು ಬೇಕೆಂದೇ ತಯಾರಿಸಿ ಉರಿಸುವುದಂತೂ ಇನ್ನೂ ಜಾಣತನ. ಅದೇ ಗೋಬರ್ ಗ್ಯಾಸ್. ಪುರ ಗ್ರಾಮದಲ್ಲಿ 1987ರಿಂದ ಊರಿನ ಸೆಗಣಿಯ ಅನಿಲದಿಂದಲೇ ಜನರೇಟರ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿದ್ದರು. ಉಳಿದ ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು.

ಇನ್ನು ಎಸೆದ ಅನ್ನದ ಹಿಂದಿನ ಖಾತೆಯನ್ನೂ ತೆರೆಯಬೇಕು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಹುಟ್ಟಿದ ಮೀಥೇನ್, ಯೂರಿಯಾ ತಯಾರಿಸಲು ಸುಟ್ಟ ಅನಿಲ, ಪಂಪ್‌ಸೆಟ್ಟಿನ ಕರೆಂಟು, ಗಿರಣಿ, ಲಾರಿ, ಕುಕ್ಕರ್. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 8ರಿಂದ 10ರಷ್ಟು, ಯಾರ ಹೊಟ್ಟೆಗೂ ಸೇರದೆ ಹಾಳಾದ ಆಹಾರದ ಲೆಕ್ಕಕ್ಕೆ ಹೋಗುತ್ತದೆ. ಮದುವೆ ಮನೆಯಲ್ಲಿ ಎಲೆ ತೆಗೆಯುವವರನ್ನು ಕೇಳಿದರೆ ಈ ಅಂಕಿಯನ್ನು ಅವರು ಸುಲಭವಾಗಿ ನಂಬುತ್ತಾರೆ.

ಯಾವುದು ಮೊದಲು?

ಎಲ್ಲವನ್ನೂ ಒಟ್ಟಿಗೆ ಮಾಡಲು ಯಾರಿಂದಲೂ ಆಗದು. ಆದ್ದರಿಂದ ತೂಕದ ಕ್ರಮದಲ್ಲಿ ಮಾಡಬೇಕು.

ಮೊದಲು ಶಾಖ ಮತ್ತು ತಂಪು. ಬಿಸಿನೀರಿಗೆ ಬಿಸಿಲು, ಅದಾಗದಿದ್ದರೆ ಒಂದೇ ಬಕೆಟ್ ಎಂಬ ಕಟ್ಟುನಿಟ್ಟು. ಎ.ಸಿ. ಇದ್ದರೆ 24 ಡಿಗ್ರಿಗಿಂತ ಕೆಳಗೆ ಇಳಿಸದಿರುವುದು. ಒಂದೊಂದು ಡಿಗ್ರಿ ಮೇಲಿಟ್ಟರೆ ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರಿಂದ ಹೊಸ ಎ.ಸಿ.ಗಳು 24ಕ್ಕೇ ಹೊಂದಿಸಿ ಬರುವುದೂ ಇದಕ್ಕೇ. ಫ್ರಿಜ್ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಅದರ ಮೇಲಿನ ನಕ್ಷತ್ರಗಳನ್ನು ಎಣಿಸಬೇಕು, ಏಕೆಂದರೆ ಅದು ಹತ್ತು ವರ್ಷ ಹಗಲಿರುಳೂ ಓಡುತ್ತದೆ.

ಎರಡನೆಯದು ಓಡಾಟ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ, ಉರಿದಾಗ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೆಚ್ಚುವರಿ ತೂಕ ಗಾಳಿಯ ಆಮ್ಲಜನಕದ್ದು. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಒಬ್ಬರೇ ಹೋದರೆ ಕಿಲೋಮೀಟರಿಗೆ 150 ಗ್ರಾಂ, 45 ಓಡುವ ಸ್ಕೂಟರಿನಲ್ಲಿ 50 ಗ್ರಾಂ, ವಿದ್ಯುತ್ ಸ್ಕೂಟರಿನಲ್ಲಿ ಇವತ್ತಿನ ಕರೆಂಟಿನಲ್ಲೂ 20 ಗ್ರಾಂ ಚಿಲ್ಲರೆ. 40 ಜನ ಕೂತ ಡೀಸೆಲ್ ಬಸ್ಸಿನಲ್ಲಿ ತಲೆಗೆ 20 ಗ್ರಾಮಿಗೂ ಕಡಿಮೆ.

ಮೂರನೆಯದು ಹಸಿ ಕಸ. ಬೇಯಿಸುವಾಗಲೇ ಅಳತೆ, ಮಿಕ್ಕಿದ್ದಕ್ಕೆ ಗೊಬ್ಬರದ ಕುಂಡ, ಅದಾಗದಿದ್ದರೆ ಕವರಿಲ್ಲದೆ ಬೇರೆ ಡಬ್ಬಿಯಲ್ಲಿ ಕೊಡುವುದು. ಬಲ್ಬು, ಚಾರ್ಜರುಗಳ ಸರದಿ ಇವೆಲ್ಲ ಆದ ಮೇಲೆ.

ಇಷ್ಟು ಹೇಳಿದ ಮೇಲೆ ನ್ಯಾಯದ ಮಾತೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಭಾರತೀಯರ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು ಎರಡು ಟನ್. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗಿಂತ ಹೆಚ್ಚು, ಅಮೆರಿಕದ್ದು ಸುಮಾರು ಏಳು ಪಟ್ಟು. ಕಟ್ಟಿಗೆ ಹೊತ್ತು ತರುವ ಹೆಂಗಸಿಗೆ ಇಂಧನ ಉಳಿಸಿ ಎಂದು ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ದೇಶದ ಸರಾಸರಿಯ ಮರೆಯಲ್ಲಿ ಎರಡು ಎ.ಸಿ., ಎರಡು ಕಾರು, ಮೂರು ಗೀಸರಿನ ಮನೆಗಳೂ ಅವಿತುಕೊಂಡಿವೆ. ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ.

ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲಿನಲ್ಲಿ ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆ ಇರುತ್ತದೆ. ಅದನ್ನು ನೋಡಿ ಚೀಟಿ ಎಸೆಯಬೇಡಿ. ಅದೇ ಚೀಟಿಯಲ್ಲಿ ಆ ತಿಂಗಳು ಬಳಸಿದ ಯೂನಿಟ್ಟುಗಳ ಸಂಖ್ಯೆಯೂ ಇದೆ. ರೂಪಾಯಿಯನ್ನು ಸರ್ಕಾರ ಮನ್ನಾ ಮಾಡಬಹುದು, ಯೂನಿಟ್ಟನ್ನು ವಾತಾವರಣ ಮನ್ನಾ ಮಾಡುವುದಿಲ್ಲ. ಈ ತಿಂಗಳ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ, ಮುಂದಿನ ತಿಂಗಳಿನದರ ಜೊತೆ ಹೋಲಿಸಿ ನೋಡಿ.